ಎಂಪಿಪಿಟಿ ಸರ್ಕ್ಯೂಟ್ ಟೆಸ್ಟ್ ಮಾಡೋದು ಹ್ಯಾಂಗ, ಅದೂ ಕಲಬುರಗಿ ಬಿಸಿಲಾಗ

ಎಂಪಿಪಿಟಿ, ಅಂದ್ರ ಸೋಲಾರ್ ಪ್ಯಾನಲಿನಿಂದ ಆದಷ್ಟು ಜಾಸ್ತಿ ಪವರ್ ಎಳೆದು ಬ್ಯಾಟರಿಗೆ ತುಂಬೋ ಕಂಟ್ರೋಲರ್, ಹಾಕಿದ್ರ ಸೋಲಾರಿಂದ 30 ಪರ್ಸೆಂಟ್ ಜಾಸ್ತಿ ಬರ್ತದ ಅಂತ ಅಂಗಡ್ಯಾಗೂ ಹೇಳ್ತಾರ, ವಿಡಿಯೋದಾಗೂ ಹೇಳ್ತಾರ, ಆದ್ರ ಪ್ರಾಜೆಕ್ಟ್ ಮಾಡೋ ಹುಡುಗ್ರು ತಾವೇ ಬೋರ್ಡ್ ಮಾಡ್ಕೊಂಡು ಮೇ ತಿಂಗಳ ಮಧ್ಯಾಹ್ನ ಮಾಳಗಿ ಮ್ಯಾಲ ಒಯ್ದು ಮೀಟರ್ ಹಚ್ಚಿ ನೋಡಿದ್ರ ಮಾಮೂಲಿ ಪಿಡಬ್ಲ್ಯೂಎಂ ಕಂಟ್ರೋಲರಿಗೂ ಇದಕ್ಕೂ ಏನೂ ಫರಕ್ ಕಾಣೋದಿಲ್ಲ. ಆಮೇಲೆ ರಾತ್ರಿ ಪೂರ್ತಿ ಕುಂತು ಕೋಡ್ ತಿದ್ದೋದು, ಮರುದಿನ ಮತ್ತ ಅದೇ ರಿಸಲ್ಟ್. ಭಾಳ ಸರ್ತಿ ಕೋಡಿನ್ಯಾಗ ತಪ್ಪೇ ಇರೋದಿಲ್ಲರೀ, ಟೆಸ್ಟ್ ಮಾಡಿದ ಹೊತ್ತು ಮತ್ತ ಟೆಸ್ಟಿಗೆ ತಗೊಂಡ ಪ್ಯಾನಲ್ ತಪ್ಪಿರ್ತಾವ. ಹಂಗಾಗಿ ಮೊದಲು ಪ್ಯಾನಲಿನ ಲೆಕ್ಕ ನೋಡೋಣ, ಬೋರ್ಡಿಗೆ ಆಮೇಲೆ ಬರೋಣ.

100 ವಾಟಿನ ಮಾಮೂಲಿ 12 ವೋಲ್ಟ್ ಪ್ಯಾನಲ್ ತಗೋರಿ, ಹೊಲದಾಗ ಬೇಲಿ ಝಟ್ಕಾ ಮಷಿನಿಗೆ ಹಚ್ಚತಾರಲ್ಲ ಅಂಥಾದ್ದೇ, 36 ಸೆಲ್ಲಿಂದು. ಹಿಂದ ಸ್ಟಿಕ್ಕರ್ ಮ್ಯಾಲ ನಾಕು ನಂಬರ್ ಇರ್ತಾವ. ಏನೂ ಹಚ್ಚದ ಬಿಟ್ರ ಸುಮಾರು 22 ವೋಲ್ಟ್, ಎರಡೂ ವಾಯರ್ ಕೂಡಿಸಿ ಶಾರ್ಟ್ ಮಾಡಿದ್ರ ಸುಮಾರು 6 ಆಂಪಿಯರ್, ಮತ್ತ ಜಾಸ್ತಿ ಪವರ್ ಕೊಡೋ ಜಾಗ 18 ವೋಲ್ಟ್, 5.5 ಆಂಪಿಯರ್. ಪ್ಯಾನಲ್ ಅನ್ನೋದು ಬ್ಯಾಟರಿ ಹಂಗ ಒಂದೇ ವೋಲ್ಟೇಜಿಗೆ ನಿಂತ್ಕೊಳ್ಳೋ ವಸ್ತು ಅಲ್ಲ. ಹೆಚ್ಚು ಕರೆಂಟ್ ಎಳೀತಾ ಹೋದ್ರ ವೋಲ್ಟೇಜ್ ಸ್ವಲ್ಪ ಸ್ವಲ್ಪ ಇಳೀತದ, ಒಂದು ಜಾಗಕ್ಕ ಬಂದ ಮ್ಯಾಲ ಇನ್ನ ಎಳಿಯಾಕ ಕರೆಂಟೇ ಇರೋದಿಲ್ಲ, ವೋಲ್ಟೇಜ್ ಧಡಕ್ಕನ ಬೀಳ್ತದ. ಹಂಗ ಬೀಳೋ ತಿರುವಿನ್ಯಾಗ ವೋಲ್ಟೇಜ್ ಗುಣಿಸು ಕರೆಂಟ್ ಎಲ್ಲಕ್ಕಿಂತ ಜಾಸ್ತಿ ಇರ್ತದ, ಅದೇ ಮ್ಯಾಕ್ಸಿಮಮ್ ಪವರ್ ಪಾಯಿಂಟ್. ಪಿಡಬ್ಲ್ಯೂಎಂ ಕಂಟ್ರೋಲರ್ ಏನ್ ಮಾಡ್ತದ ಅಂದ್ರ ಪ್ಯಾನಲನ್ನ ಸೀದಾ ಬ್ಯಾಟರಿಗೆ ಕಟ್ಟತದ, ಬ್ಯಾಟರಿ 12.5 ವೋಲ್ಟ್ ಇದ್ರ ಪ್ಯಾನಲೂ 12.5 ಕ್ಕ ಬಂದು ನಿಲ್ತದ, ಕರೆಂಟ್ ಜಾಸ್ತಿ ಅಂದ್ರ 5.8 ಆಂಪಿಯರ್ ಸಿಗ್ತದ, ಅಂದ್ರ ಸುಮಾರು 72 ವಾಟ್. ಎಂಪಿಪಿಟಿ ನಡುವೆ ಒಂದು ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸೋ ಸರ್ಕ್ಯೂಟ್) ಇಟ್ಟು ಪ್ಯಾನಲನ್ನ 18 ಕ್ಕ ನಿಲ್ಲಿಸಿ, ಆ 100 ವಾಟನ್ನ ಕಮ್ಮಿ ವೋಲ್ಟೇಜ್ ಜಾಸ್ತಿ ಕರೆಂಟ್ ಮಾಡಿ ಬ್ಯಾಟರಿಗೆ ಕೊಡ್ತದ, ಕನ್ವರ್ಟರಿನ್ಯಾಗ ಐದು ವಾಟ್ ಸುಟ್ಟುಹೋದ್ರೂ 95 ಉಳೀತಾವ. 72 ಎಲ್ಲಿ 95 ಎಲ್ಲಿ, ಆ 30 ಪರ್ಸೆಂಟ್ ಮಾತು ಇಲ್ಲಿಂದ ಬಂದದ್ದು, ಸುಳ್ಳೇನಲ್ಲ.

ಆದ್ರ ಸ್ಟಿಕ್ಕರ್ ಮ್ಯಾಲಿನ ನಂಬರ್ ಎಲ್ಲಾ ಸೆಲ್ಲಿನ ಟೆಂಪರೇಚರ್ 25 ಡಿಗ್ರಿ ಇದ್ದಾಗಿನವು. ಕಲಬುರಗ್ಯಾಗ ಮೇ ಮಧ್ಯಾಹ್ನ ಹವಾನೇ 43 ಡಿಗ್ರಿ ಇರ್ತದ, ಪೂರ್ತಿ ಬಿಸಿಲಿದ್ರ ಸೆಲ್ ಹವಾಕ್ಕಿಂತ ಇನ್ನ 30 ಡಿಗ್ರಿ ಮ್ಯಾಲ ಹೋಗ್ತದ, ಅಂದ್ರ 73-74. ಸಿಲಿಕಾನ್ ಪ್ಯಾನಲ್ ಒಂದೊಂದು ಡಿಗ್ರಿ ಕಾಯ್ದಂಗ ಪವರ್ ಸುಮಾರು 0.4 ಪರ್ಸೆಂಟ್ ಕಳ್ಕೊಂತದ, ಮತ್ತ ಅದು ಪೂರಾ ವೋಲ್ಟೇಜ್ ಕಡಿಂದನ ಹೋಗ್ತದ, ಕರೆಂಟ್ ಏನ್ ಕಮ್ಮಿ ಆಗಂಗಿಲ್ಲ. 49 ಡಿಗ್ರಿ ಜಾಸ್ತಿ ಅಂದ್ರ ಸುಮಾರು 20 ಪರ್ಸೆಂಟ್ ಹೋಯ್ತು, 18 ವೋಲ್ಟ್ ಇದ್ದದ್ದು 14.5 ಕ್ಕ ಬಂತು, 100 ವಾಟಿನ ಪ್ಯಾನಲ್ 80 ವಾಟಿಂದು ಆಯ್ತು. ಈಗ ಬ್ಯಾಟರಿ ಚಾರ್ಜ್ ಆಗ್ತಾ ಆಗ್ತಾ 13.5 ಕ್ಕ ಬಂದಿರ್ತದ. ಪಿಡಬ್ಲ್ಯೂಎಂ ಆ 13.5 ಕ್ಕ ಸುಮಾರು 5.6 ಆಂಪಿಯರ್ ಕೊಟ್ರ 76 ವಾಟ್. ನಿಮ್ಮ ಎಂಪಿಪಿಟಿ 80 ವಾಟ್ ತಗೊಂಡು ಐದು ಪರ್ಸೆಂಟ್ ಸುಟ್ಟು 76 ವಾಟ್. ಎರಡೂ ಬರೋಬ್ಬರಿ! ನೀವು ಎಷ್ಟೇ ಛಲೋ ಕೋಡ್ ಬರೀರಿ, ಆ ಹೊತ್ತಿನ್ಯಾಗ ಆ ಪ್ಯಾನಲಿಗೆ ತೆಗೆಯಾಕ ಏನೂ ಉಳದಿರಂಗಿಲ್ಲ.

ಅದೇ ಬೋರ್ಡ್ ಬೀದರಿಗೆ ಒಯ್ರಿ, ಅದು 600 ಮೀಟರಿಗಿಂತ ಎತ್ತರದಾಗ ಇರೋ ಊರು, ಡಿಸೆಂಬರ್ ಮುಂಜಾನಿ ಹತ್ತರ ಸುಮಾರಿಗೆ ಹವಾ 20 ಡಿಗ್ರಿ, ಬಿಸಿಲು ಪೂರ್ತಿ ಅಲ್ಲ ಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ ಅಂತ ಹಿಡಿದ್ರ ಸೆಲ್ 42 ಡಿಗ್ರಿ ಆಸುಪಾಸು. ಪ್ಯಾನಲ್ 16.8 ವೋಲ್ಟಿನ್ಯಾಗ 65 ವಾಟ್ ಕೊಡ್ತದ, ರಾತ್ರಿ ಲೈಟ್ ಹಚ್ಚಿ ಇಳದಿರೋ ಬ್ಯಾಟರಿ 12.3 ಇರ್ತದ, ಪಿಡಬ್ಲ್ಯೂಎಂಗೆ 51 ವಾಟ್ ಸಿಕ್ರ ಎಂಪಿಪಿಟಿಗೆ 62. ಇಲ್ಲಿ ಇಪ್ಪತ್ತು ಪರ್ಸೆಂಟ್ ಕಣ್ಣಿಗೆ ಕಾಣ್ತದ. ಅದಕ್ಕ ನಾ ಯಾವಾಗೂ ಹೇಳೋದು, ಎಂಪಿಪಿಟಿ ಬೋರ್ಡಿನ ಟೆಸ್ಟ್ ಅಂದ್ರ ಒಂದು ಟೆಸ್ಟ್ ಅಲ್ಲ. ಬಂದ ಪವರಿನ್ಯಾಗ ಕನ್ವರ್ಟರ್ ಎಷ್ಟು ದಾಟಿಸ್ತದ ಅನ್ನೋದು ಒಂದು, ಟ್ರ್ಯಾಕರ್, ಅಂದ್ರ ಪವರ್ ಪಾಯಿಂಟ್ ಹುಡುಕೋ ಕೋಡ್, ಆ ತಿರುವಿನ ಜಾಗ ಹಿಡೀತದೋ ಇಲ್ಲೋ ಅನ್ನೋದು ಇನ್ನೊಂದು, ಮತ್ತ ಅವತ್ತಿನ ಬಿಸಿಲಿನ್ಯಾಗ ತೆಗೆಯಾಕ ಏನರ ಇತ್ತೋ ಇಲ್ಲೋ ಅನ್ನೋದು ಮೂರನೇದು. ಮೂರನ್ನೂ ಕಲಸಿ ಒಂದೇ ಸರ್ತಿ ಅಳದ್ರ ಬರೋ ನಂಬರ್ ಯಾವ ಕೆಲಸಕ್ಕೂ ಬರಂಗಿಲ್ಲ.

ಬೋರ್ಡಿಗೆ ಬರೋಣ. ಹುಡುಗ್ರು ಮಾಡೋದು ಹೆಚ್ಚು ಕಮ್ಮಿ ಒಂದೇ ನಮೂನಿ ಇರ್ತದ, ಕೋಡ್ ಓಡಿಸಾಕ ಒಂದು ಆರ್ಡುಯಿನೋ, ಮಾಸ್ಫೆಟ್ ಆನ್ ಆಫ್ ಮಾಡಾಕ ಐಆರ್2104 ಗೇಟ್ ಡ್ರೈವರ್, ಎರಡು ಐಆರ್‌ಎಫ್‌ಝಡ್44ಎನ್ ಮಾಸ್ಫೆಟ್ (ಸ್ವಿಚ್ಚಿನಂಗ ಕೆಲಸ ಮಾಡೋವು), ಒಂದು ಕಾಯಿಲ್, ಎರಡು ಕಡೆ ಕೆಪ್ಯಾಸಿಟರ್, ಕರೆಂಟ್ ನೋಡಾಕ ಎಸಿಎಸ್712. ಇದನ್ನ ಸೋಲ್ಡರ್ ಆದ ಕೂಡ್ಲೇ ಪ್ಯಾನಲಿಗೆ, ಬ್ಯಾಟರಿಗೆ ಹಚ್ಚಬ್ಯಾಡ್ರಿ. ಬ್ಯಾಟರಿ ಅಂದ್ರ ಶಾರ್ಟ್ ಆದಾಗ ನೂರಾರು ಆಂಪಿಯರ್ ಕೊಡೋ ಸಾಮಾನು, ಮಾಸ್ಫೆಟ್ ಹೋಗೋದಲ್ಲ, ಬೋರ್ಡಿನ ತಾಮ್ರನೇ ಹಾರಿ ಹೋಗ್ತದ. ಮೊದಲು ಪವರ್ ಇಲ್ದನ ಮೀಟರಿನ ಬೀಪ್ ಇಟ್ಟು ಎರಡೂ ಕಡೆ ಶಾರ್ಟ್ ಅದ ಏನ್ ನೋಡ್ರಿ, ಆಮೇಲೆ ಬೆಂಚ್ ಸಪ್ಲೈನಿಂದ (ವೋಲ್ಟೇಜ್, ಕರೆಂಟ್ ಬೇಕಾದಷ್ಟಕ್ಕ ಇಡಾಕ ಬರೋ ಸಪ್ಲೈ) ಡ್ರೈವರಿಗೆ ಅಷ್ಟೇ 12 ವೋಲ್ಟ್ ಕೊಟ್ಟು ಗೇಟ್ ಸಿಗ್ನಲ್ ಸ್ಕೋಪಿನ್ಯಾಗ (ಆಸಿಲೋಸ್ಕೋಪ್, ವೋಲ್ಟೇಜನ್ನ ಗೆರಿ ಮಾಡಿ ತೋರಿಸೋ ಮಷಿನ್) ನೋಡ್ರಿ, ಎರಡು ಮಾಸ್ಫೆಟ್ ಒಂದೇ ಹೊತ್ತಿಗೆ ಆನ್ ಆಗಬಾರದು, ನಡುವೆ ಸ್ವಲ್ಪ ಖಾಲಿ ಜಾಗ ಇರಬೇಕು. ಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನ ಮ್ಯಾಲಿನ ಮಾಸ್ಫೆಟ್ಟಿನ ಸೋರ್ಸಿಗೆ ಹಚ್ಚೋ ಆಸೆ ಬರ್ತದ, ಆದ್ರ ಆ ಕ್ಲಿಪ್ ಮೂರು ಪಿನ್ನಿನ ಪ್ಲಗ್ಗಿನಿಂದ ಸೀದಾ ಅರ್ಥಿಂಗಿಗೆ ಕೂಡಿರ್ತದ, ನಿಮ್ಮ ಸಪ್ಲೈ ಮೈನಸ್ಸೂ ಅರ್ಥ್ ಆಗಿದ್ರ ಅಲ್ಲೇ ಶಾರ್ಟ್. ಎರಡು ಪ್ರೋಬ್ ಹಚ್ಚಿ ಒಂದರಿಂದ ಒಂದು ಕಳಿಯೋ ಮ್ಯಾಥ್ ಬಟನ್ ಇರ್ತದ, ಅದನ್ನ ಬಳಸ್ರಿ.

ಪವರ್ ಕೊಡೋ ಹೊತ್ತಿಗೆ ಕರೆಂಟ್ ಲಿಮಿಟ್ ಇರೋ ಸಪ್ಲೈ ಇದ್ರ ಅರ್ಧ ಆಂಪಿಯರಿಗೆ ಇಟ್ಟು ಶುರು ಮಾಡ್ರಿ, ಇಲ್ಲಂದ್ರ ಹಳೇ ಮೆಕ್ಯಾನಿಕ್ ಮಂದಿ ಮಾಡ್ತಿದ್ದಂಗ ಸೀರೀಸಿನ್ಯಾಗ ಒಂದು ಗಾಡಿ ಹೆಡ್‌ಲೈಟ್ ಬಲ್ಬ್ ಹಾಕ್ರಿ, ಶಾರ್ಟ್ ಇದ್ರ ಬಲ್ಬ್ ಉರೀತದ, ಬೋರ್ಡ್ ಉಳೀತದ. ಟ್ರ್ಯಾಕಿಂಗ್ ಕೋಡ್ ಇನ್ನ ಬ್ಯಾಡ. ಡ್ಯೂಟಿ, ಅಂದ್ರ ಮ್ಯಾಲಿನ ಮಾಸ್ಫೆಟ್ ಎಷ್ಟು ಪಾಲು ಹೊತ್ತು ಆನ್ ಇರ್ತದ ಅನ್ನೋದನ್ನ, ಒಂದೇ ಜಾಗಕ್ಕ ಕಟ್ಟಿ ಹಾಕ್ರಿ, ಔಟ್‌ಪುಟ್ಟಿಗೆ ಬಲ್ಬ್ ಲೋಡ್ ಕೊಡ್ರಿ, 18 ವೋಲ್ಟ್ ಒಳಗ ಹೋಗಿ ಡ್ಯೂಟಿ 0.7 ಇದ್ರ ಹೊರಗ 12.6 ರ ಹತ್ರ ಬರಬೇಕು, ನಷ್ಟಕ್ಕ ಒಂಚೂರು ಕಮ್ಮಿ. ಡ್ಯೂಟಿ 0.3 ಕ್ಕ, 0.5 ಕ್ಕ, 0.8 ಕ್ಕ ಬದಲಿಸಿ ನೋಡ್ರಿ. ಈ ಹೊತ್ತಿಗೇ ಕಾಯಿಲಿನ ಕರೆಂಟ್ ಹ್ಯಾಂಗ ಏರ್ತದ ಅನ್ನೋದೂ ಒಂದು ಸಣ್ಣ ಶಂಟ್ (ಕರೆಂಟ್ ಅಳಿಯಾಕ ಹಾಕೋ ರೆಸಿಸ್ಟರ್) ಹಾಕಿ ಸ್ಕೋಪಿನ್ಯಾಗ ನೋಡ್ಕೋಬೇಕು, ಏರಿಕಿ ಗೆರಿ ಸೀದಾ ಇರಬೇಕು, ತುದಿಗೆ ಬಂದು ಮ್ಯಾಲಕ್ಕ ಸೊಂಡಿ ಹಂಗ ಬಾಗಿದ್ರ ಕಾಯಿಲಿನ ಕೋರ್ ಸ್ಯಾಚುರೇಟ್ ಆಗ್ಲಿಕತ್ತದ, ಆ ಕರೆಂಟ್ ತಡ್ಕೊಳ್ಳವಲ್ದು ಅಂತ ಅರ್ಥ. ಹಳೇ ಕಂಪ್ಯೂಟರ್ ಸಪ್ಲೈನಿಂದ ಬಿಚ್ಚಿದ ಹಳದಿ ರಿಂಗ್ ಸುತ್ತಿ ಲೆಕ್ಕ ಹಾಕದೇ ಬಿಟ್ಟೋರಿಗೆ ಇದು ಇಲ್ಲೇ ಗೊತ್ತಾಗಿಬಿಡ್ತದ. ಲೆಕ್ಕಕ್ಕ ಹೇಳ್ತೀನಿ, 18 ರಿಂದ 12.6 ಕ್ಕ ಇಳಿಸೋ ಹೊತ್ತಿಗೆ 50 ಕಿಲೋಹರ್ಟ್ಸಿನ್ಯಾಗ 100 ಮೈಕ್ರೋಹೆನ್ರಿ ಕಾಯಿಲಿದ್ರ ಕರೆಂಟ್ ಮುಕ್ಕಾಲು ಆಂಪಿಯರ್ ಏರಿಳಿತ ಆಗ್ತದ, 33 ಮೈಕ್ರೋಹೆನ್ರಿ ಆದ್ರ 2.3 ಆಂಪಿಯರ್.

ಇಲ್ಲಿ ಒಂದು ಮಾತು ಜರಾ ಸಾವಕಾಶ ಓದ್ರಿ, ಯಾಕಂದ್ರ ಬೋರ್ಡ್ ಸುಟ್ಟು ಕೈಯಾಗ ಹಿಡ್ಕೊಂಡು ಬರೋರೊಳಗ ಭಾಳ ಮಂದೀದು ಇದೇ ಕಥಿ. ಕೆಳಗಿನ ಡಯೋಡ್ ಬದಲಿಗೆ ಮಾಸ್ಫೆಟ್ ಹಾಕಿದ ಬಕ್ ಕನ್ವರ್ಟರಿಗೆ ದಾರಿ ಎರಡೂ ಕಡೆ ತೆರದಿರ್ತದ. ಪ್ಯಾನಲ್ ಕಡಿಂದ ಕರೆಂಟ್ ಬರದಿದ್ರ ಅದೇ ಸರ್ಕ್ಯೂಟ್ ಉಲ್ಟಾ ನಡೀತದ, ಬ್ಯಾಟರಿಯಿಂದ ಕರೆಂಟ್ ಎಳೆದು ಪ್ಯಾನಲ್ ಕಡೆ ಬೂಸ್ಟ್ ಮಾಡ್ತದ, ಅಂದ್ರ ವೋಲ್ಟೇಜ್ ಏರಿಸಿ ತಳ್ತದ. ಡ್ಯೂಟಿ 0.7 ಇದ್ದಾಗ ಪ್ಯಾನಲ್ ವಾಯರ್ ಕಿತ್ರ ಒಳಗಿನ ಕೆಪ್ಯಾಸಿಟರ್ 18 ರ ಹತ್ರಾನೇ ನಿಲ್ತದ, ತೊಂದ್ರಿ ಇಲ್ಲ. ಆದ್ರ ಕೋಡ್ ಪವರ್ ಬರವಲ್ದು ಅಂತ ಗಾಬರಿಯಾಗಿ ಡ್ಯೂಟಿ ಇಳಿಸ್ತಾ ಹೋಗಿ 0.3 ಕ್ಕ ಬಂತು ಅಂದ್ರ 12.6 ಭಾಗ 0.3, ಅಂದ್ರ 42 ವೋಲ್ಟ್. ಅಲ್ಲಿ 35 ವೋಲ್ಟಿನ ಕೆಪ್ಯಾಸಿಟರ್ ಹಾಕಿರ್ತೀರಿ, ಧಡ್ ಅಂತದ. ಅದಕ್ಕ ಶುರುವಾಗೋ ಹೊತ್ತಿಗೆ ಡ್ಯೂಟಿ ಸೊನ್ನಿಯಿಂದ ಏರಿಸಬ್ಯಾಡ್ರಿ, ಬ್ಯಾಟರಿ ವೋಲ್ಟೇಜನ್ನ ಪ್ಯಾನಲ್ ವೋಲ್ಟೇಜಿನಿಂದ ಭಾಗಿಸಿ ಬರೋ ಜಾಗದಿಂದ ಶುರು ಮಾಡ್ರಿ, ಕರೆಂಟ್ ಕಮ್ಮಿ ಆದ ಕೂಡ್ಲೇ ಕೆಳಗಿನ ಮಾಸ್ಫೆಟ್ ಬಂದ್ ಮಾಡ್ರಿ, ಅದರ ಒಳಗಿನ ಡಯೋಡೇ ಕೆಲಸ ನಡೆಸ್ತದ. ಟೆಸ್ಟ್ ಏನಂದ್ರ, ಕಮ್ಮಿ ಪವರಿನ್ಯಾಗ ನಡೀತಿರೋ ಹೊತ್ತಿಗೆ ಇನ್‌ಪುಟ್ ಕಿತ್ತು ನೋಡ್ರಿ, ಸ್ಕೋಪ್ ಇನ್‌ಪುಟ್ ಮ್ಯಾಲ ಇರ್ಲಿ. ಮತ್ತ ರಾತ್ರಿ ಪ್ಯಾನಲ್ ಕತ್ತಲಾಗ ಇರೋವಾಗ ಬ್ಯಾಟರಿಯಿಂದ ಪ್ಯಾನಲಿಗೆ ಎಷ್ಟು ಮಿಲಿಆಂಪಿಯರ್ ಹಿಂದಕ್ಕ ಹೋಗ್ತದ ಅನ್ನೋದೂ ಅಳೀರಿ, ಮ್ಯಾಲಿನ ಮಾಸ್ಫೆಟ್ ಬಂದ್ ಇದ್ರೂ ಅದರ ಬಾಡಿ ಡಯೋಡ್ ಹಾದಿ ಕೊಡ್ತದ, ಅದನ್ನ ತಡಿಯಾಕ ಒಂದು ಡಯೋಡ್ ಇಲ್ಲಾ ಉಲ್ಟಾ ಕೂಡಿಸಿದ ಇನ್ನೊಂದು ಮಾಸ್ಫೆಟ್ ಬೇಕೇ ಬೇಕು.

ಕನ್ವರ್ಟರ್ ಸರಿ ಅದ ಅಂತ ಆಯ್ತು, ಈಗ ಟ್ರ್ಯಾಕರ್. ಹೆಚ್ಚಿನ ಬೋರ್ಡಿನ್ಯಾಗ ಇರೋದು ಪರ್ಟರ್ಬ್ ಆ್ಯಂಡ್ ಅಬ್ಸರ್ವ್ ಅನ್ನೋ ಉಪಾಯ. ಮಿರ್ಚಿ ಭಜಿ ಬಂಡಿಯವ ದರ ಗೊತ್ತು ಮಾಡೋದು ನೆನಸ್ಕೋರಿ. ಇವತ್ತು ಒಂದು ರೂಪಾಯಿ ಏರಿಸಿದ, ಸಂಜಿಗೆ ಗಲ್ಲಾ ನೋಡಿದ, ನಿನ್ನೆಗಿಂತ ಜಾಸ್ತಿ ಬಂತು, ನಾಳೆ ಇನ್ನೊಂದು ರೂಪಾಯಿ ಏರಿಸ್ತಾನ. ಕಮ್ಮಿ ಬಂತು, ಇಳಿಸ್ತಾನ. ಹಿಂಗ ಹಿಂದ ಮುಂದ ಆಡ್ತಾ ಆಡ್ತಾ ಗಲ್ಲಾ ತುಂಬೋ ದರದ ಸುತ್ತನೇ ತಿರುಗ್ತಾನ. ಇಲ್ಲಿ ದರ ಅಂದ್ರ ವೋಲ್ಟೇಜ್, ಹೋದ ಭಜಿ ಅಂದ್ರ ಕರೆಂಟ್, ಗಲ್ಲಾ ಅಂದ್ರ ಪವರ್. ಆದ್ರ ಶರಣಬಸವೇಶ್ವರ ಜಾತ್ರಿ ಬಂತಂದ್ರ? ಅವ ದರ ಏರಿಸಿದ್ರೂ ಗಲ್ಲಾ ತುಂಬ್ತದ, ಇಳಿಸಿದ್ರೂ ತುಂಬ್ತದ, ಮಂದಿ ಬಂದಿದ್ದಕ್ಕ ತುಂಬಿದ್ದನ್ನ ತನ್ನ ದರದಿಂದ ತುಂಬ್ತು ಅಂತ ತಿಳ್ಕೊಂಡು ಏರಿಸ್ತಾ ಏರಿಸ್ತಾ ಎಲ್ಲೋ ಹೋಗಿ ನಿಲ್ತಾನ. ಮೋಡ ಸರಿದು ಬಿಸಿಲು ಏರೋ ಹೊತ್ತಿಗೆ ನಿಮ್ಮ ಟ್ರ್ಯಾಕರಿಗೆ ಆಗೋದೂ ಇದೇ.

ಇದನ್ನ ನೋಡಾಕ ಆರ್ಡುಯಿನೋದ ಸೀರಿಯಲ್ ಮಾನಿಟರ್‌ದಾಗ ವೋಲ್ಟೇಜ್, ಕರೆಂಟ್, ಪವರ್, ಡ್ಯೂಟಿ ನಾಕೂ ಪ್ರಿಂಟ್ ಮಾಡಿಸಿ ಗ್ರಾಫ್ ಹಾಕ್ರಿ. ಬೆಳಕು ಬದಲಾಗದೇ ಇದ್ರ ಆರೋಗ್ಯವಾಗಿರೋ ಟ್ರ್ಯಾಕರಿನ ವೋಲ್ಟೇಜ್ ಮೂರೇ ಮೆಟ್ಟಿಲಿನ್ಯಾಗ ಓಡಾಡ್ತದ, ತುದಿಯ ಎಡಕ್ಕೊಂದು, ತುದಿ ಮ್ಯಾಲೊಂದು, ಬಲಕ್ಕೊಂದು. ಸೀದಾ ಒಂದು ಕಡೆ ಓಡಿ ಹೋಗಿ ಡ್ಯೂಟಿ ಗ್ವಾಡಿಗೆ ಹಚ್ಚಿ ನಿಂತ್ರ ನಿಮ್ಮ ಚಿಹ್ನೆ ಉಲ್ಟಾ ಆಗ್ಯದ, ಬಕ್ಕಿನ್ಯಾಗ ಡ್ಯೂಟಿ ಏರಿಸಿದ್ರ ಪ್ಯಾನಲ್ ವೋಲ್ಟೇಜ್ ಇಳೀತದ ಅನ್ನೋದನ್ನ ಕೋಡಿನ್ಯಾಗ ಮರೆತಿದ್ದೀರಿ. ಎತ್ತ ಬೇಕತ್ತ ಅಲೆದಾಡ್ಲಿಕತ್ತದ ಅಂದ್ರ ಸೆನ್ಸರ್ ಕಡೆ ನೋಡ್ರಿ.

ಸೆನ್ಸರಿನ ಲೆಕ್ಕ ಯಾರೂ ಹಾಕಂಗಿಲ್ಲ, ಹಾಕಿದ್ರ ಅರ್ಧ ಪ್ರಾಬ್ಲಂ ಅಲ್ಲೇ ತಿಳೀತದ. 20 ಆಂಪಿಯರಿನ ಎಸಿಎಸ್712 ಒಂದು ಆಂಪಿಯರಿಗೆ 100 ಮಿಲಿವೋಲ್ಟ್ ಕೊಡ್ತದ. ಆರ್ಡುಯಿನೋ ಊನೋದ 10 ಬಿಟ್ ಎಡಿಸಿ (ವೋಲ್ಟೇಜನ್ನ ನಂಬರ್ ಮಾಡೋ ಭಾಗ) 5 ವೋಲ್ಟನ್ನ 1024 ಪಾಲು ಮಾಡ್ತದ, ಒಂದು ಪಾಲು 4.9 ಮಿಲಿವೋಲ್ಟ್, ಅಂದ್ರ 49 ಮಿಲಿಆಂಪಿಯರ್. 18 ವೋಲ್ಟಿನ್ಯಾಗ ಅದು ಸುಮಾರು 0.9 ವಾಟ್. ಅಂದ್ರ ನಿಮ್ಮ ಆರ್ಡುಯಿನೋ ಕಣ್ಣಿಗೆ ಒಂದು ವಾಟಿಗಿಂತ ಸಣ್ಣ ಫರಕ್ ಕಾಣಂಗೇ ಇಲ್ಲ. ಇತ್ತ ಆರ್ಡುಯಿನೋ ಗೇಟಿಗೆ ಕೊಡೋ 8 ಬಿಟ್ ಪಿಡಬ್ಲ್ಯೂಎಂ ಸಿಗ್ನಲಿನ್ಯಾಗ, ಅಂದ್ರ ಡ್ಯೂಟಿಗೆ 256 ಮೆಟ್ಟಿಲು ಇದ್ದಾಗ, ಡ್ಯೂಟಿ ಒಂದು ಮೆಟ್ಟಿಲು ಏರಿಸಿದ್ರ ಪ್ಯಾನಲ್ ವೋಲ್ಟೇಜ್ 0.1 ಅಷ್ಟೇ ಸರೀತದ, ತುದಿ ಹತ್ರ ಅದರಿಂದ ಪವರ್ ಬದಲಾಗೋದು ವಾಟಿನ ನೂರರಲ್ಲಿ ಕೆಲವು ಪಾಲು. ಕಾಣದಿದ್ದನ್ನ ನೋಡಿ ನಿರ್ಧಾರ ಮಾಡು ಅಂದ್ರ ಅದು ಸೆನ್ಸರಿನ ಗೊಜಲನ್ನೇ ಪವರ್ ಅಂತ ತಿಳ್ಕೊಂತದ. ಹಂಗಾಗಿ ಒಂದು ರೀಡಿಂಗಿಗೆ ನೂರಾರು ಸ್ಯಾಂಪಲ್ ತಗೊಂಡು ಸರಾಸರಿ ಹಾಕ್ರಿ, ಡ್ಯೂಟಿ ಬದಲಿಸಿದ ಮ್ಯಾಲ ಸರ್ಕ್ಯೂಟಿನ ವೋಲ್ಟೇಜ್, ಕರೆಂಟ್ ಅಲುಗಾಡದಂಗ ನಿಲ್ಲಾಕ ಟೈಂ ಕೊಟ್ಟು ಆಮೇಲೆ ಓದ್ರಿ, ಮೆಟ್ಟಿಲನ್ನ ಒಂದರ ಬದಲು ಮೂರ್ನಾಕು ಇಡ್ರಿ. ಇಲ್ಲಾ ಐಎನ್‌ಎ219 ಅನ್ನೋ ಕರೆಂಟ್ ಸೆನ್ಸರ್ ಹಾಕ್ರಿ, ಅದು ಭಾಳ ಸೂಕ್ಷ್ಮ, ಆದ್ರ ಅದರ ಮಿತಿ 26 ವೋಲ್ಟ್, ಮತ್ತ ಅಂಗಡ್ಯಾಗ ಸಿಗೋ ಬೋರ್ಡಿನ 0.1 ಓಮ್ ಶಂಟಿನ್ಯಾಗ 3.2 ಆಂಪಿಯರ್ ತನಕ ಅಷ್ಟೇ, ದೊಡ್ಡ ಪ್ಯಾನಲಿಗೆ ಹಚ್ಚಿದ್ರ ಸತ್ತು ಹೋಗ್ತದ.

ಟ್ರ್ಯಾಕರ್ ಟೆಸ್ಟ್ ಮಾಡಾಕ ಖರೇ ಸೂರ್ಯ ಬೇಕು ಅಂತೇನಿಲ್ಲ, ಖರೇ ಹೇಳ್ಬೇಕಂದ್ರ ಮೊದಮೊದಲು ಸೂರ್ಯ ಬ್ಯಾಡಾ ಬ್ಯಾಡ, ಅದು ನಿಮ್ಮ ಮಾತು ಕೇಳಂಗಿಲ್ಲ. ಎಲ್ಲರೂ ಮಾಡೋ ಸುಲಭ ದಾರಿ ಅಂದ್ರ ಬೆಂಚ್ ಸಪ್ಲೈಗೆ ಸೀರೀಸಿನ್ಯಾಗ ಒಂದು ದಪ್ಪ ರೆಸಿಸ್ಟರ್. 30 ವೋಲ್ಟ್ ಸಪ್ಲೈ, 5 ಓಮ್ ರೆಸಿಸ್ಟರ್ ಇದ್ರ ಜಾಸ್ತಿ ಪವರ್ ಸಿಗೋದು ಬರೋಬ್ಬರಿ ಅರ್ಧ ವೋಲ್ಟೇಜಿನ್ಯಾಗ, ಅಂದ್ರ 15 ವೋಲ್ಟ್, 3 ಆಂಪಿಯರ್, 45 ವಾಟ್. ರೆಸಿಸ್ಟರೂ ಅಷ್ಟೇ 45 ವಾಟ್ ಕಾಯ್ತದ, 100 ವಾಟಿನ ವೈರ್‌ವೂಂಡ್ ಬೇಕು, ಮೇಜಿನ ಮ್ಯಾಲ ಇಡಬ್ಯಾಡ್ರಿ, ಒಂದು ತುಂಡು ಶಹಾಬಾದ ಫರಸಿ ಮ್ಯಾಲ ಇಡ್ರಿ. ಕೋಡ್ 15 ರ ಹತ್ರ ಬಂದು ನಿಂತ್ರ ಲಾಜಿಕ್ ಸರಿ ಅದ ಅಂತ ತಿಳೀತದ, ಅಷ್ಟಕ್ಕ ಸೈ. ಆದ್ರ ಈ ಟೆಸ್ಟಿನ ಮ್ಯಾಲ ನಂಬಿಕಿ ಇಟ್ಟು ರಿಪೋರ್ಟಿನ್ಯಾಗ 99 ಪರ್ಸೆಂಟ್ ಟ್ರ್ಯಾಕಿಂಗ್ ಅಂತ ಬರೀಬ್ಯಾಡ್ರಿ. ಯಾಕಂದ್ರ ರೆಸಿಸ್ಟರಿನ ಪವರ್ ಗ್ರಾಫಿನ ಗುಡ್ಡ ಭಾಳ ಚಪ್ಪಟಿ. ಟ್ರ್ಯಾಕರ್ 15 ರ ಬದಲು 12 ಕ್ಕ ಹೋಗಿ ಕುಂತ್ರೂ 43.2 ವಾಟ್ ಬರ್ತದ, ಇಪ್ಪತ್ತು ಪರ್ಸೆಂಟ್ ತಪ್ಪು ಜಾಗದಾಗ ಕುಂತು 96 ಪರ್ಸೆಂಟ್ ಮಾರ್ಕ್ಸ್ ತಗೊಂಡಂಗ ಆಯ್ತು. ಖರೇ ಪ್ಯಾನಲಿಗೆ ತಿರುವು ಚೂಪಾಗಿರ್ತದ, ಬಲಕ್ಕ ಸ್ವಲ್ಪ ಸರದ್ರೂ ಪವರ್ ಧಡಧಡ ಬೀಳ್ತದ.

ಇದಕ್ಕಿಂತ ನನಗ ಭಾಳ ಸೇರೋದು ಕತ್ತಲಾಗಿನ ಪ್ಯಾನಲಿನ ಉಪಾಯ. ಪ್ಯಾನಲಿಗೆ ಬಿಸಿಲು ಬಿದ್ದಾಗ ಒಳಗ ಏನಾಗ್ತದ ಅಂದ್ರ, ಒಂದು ಕರೆಂಟ್ ಹುಟ್ತದ, ಅದರ ಪಕ್ಕಕ್ಕ ಸೆಲ್ಲುಗಳೇ ಡಯೋಡ್ ಹಂಗ ನಿಂತಿರ್ತಾವ, ಆ ಎರಡರ ಎಳದಾಟದಿಂದಾನೇ ಆ ತಿರುವಿನ ಗೆರಿ ಬರ್ತದ. ಹಂಗಾದ್ರ ಬೆಳಕು ಹುಟ್ಟಿಸೋ ಕರೆಂಟನ್ನ ನಾವೇ ಹೊರಗಿಂದ ಕೊಟ್ರ ಆಯ್ತಲ್ಲ! ರಾತ್ರಿ ಕೋಣ್ಯಾಗ ಪ್ಯಾನಲನ್ನ ಬೋರಲ ಹಾಕಿ ಇಲ್ಲಾ ಮ್ಯಾಲ ಕಂಬಳಿ ಹೊಚ್ಚಿ, ಬೆಂಚ್ ಸಪ್ಲೈನ ಪ್ಲಸ್ ಪ್ಯಾನಲಿನ ಪ್ಲಸ್ಸಿಗೆ, ಮೈನಸ್ ಮೈನಸ್ಸಿಗೆ ಹಚ್ರಿ. ವೋಲ್ಟೇಜ್ ಲಿಮಿಟ್ 24-25 ಕ್ಕ ಇಟ್ಟು ಕರೆಂಟ್ 3 ಆಂಪಿಯರಿಗೆ ಕಟ್ರಿ, ಸಪ್ಲೈ ಕಾನ್‌ಸ್ಟಂಟ್ ಕರೆಂಟಿಗೆ ಬಂದು ಪ್ಯಾನಲ್ ತನ್ನ ವೋಲ್ಟೇಜಿಗೆ ತಾನೇ ನಿಲ್ತದ. ಈಗ ಅದೇ ಎರಡು ವಾಯರಿಗೆ ನಿಮ್ಮ ಬೋರ್ಡ್ ಹಚ್ರಿ, ಅದಕ್ಕ ಸುಮಾರು ಅರ್ಧ ಬಿಸಿಲಾಗ ನಿಂತ 100 ವಾಟಿನ ಪ್ಯಾನಲ್ ಕಂಡಂಗ ಕಾಣ್ತದ. ಕರೆಂಟ್ ನಾಬ್ ತಿರುವಿದ್ರ ಮೋಡ ಬಂದಂಗ, ಹಿಂದಕ್ಕ ತಿರುವಿದ್ರ ಮೋಡ ಸರದಂಗ. ನಿಧಾನ ತಿರುವಿ ಒಮ್ಮಿ, ಸರಕ್ಕನ ತಿರುವಿ ಒಮ್ಮಿ ಗ್ರಾಫ್ ನೋಡ್ರಿ, ಜಾತ್ರಿ ದಿನದ ಗೊಂದಲ ಎಷ್ಟು ಆಗ್ತದ ಅಂತ ಇಲ್ಲೇ ಕಾಣ್ತದ. ಗ್ರಿಡ್ ಇನ್ವರ್ಟರುಗಳ ಸಲುವಾಗಿ ಇದ್ದ ಇಎನ್ 50530 ಅನ್ನೋ ಯುರೋಪಿನ ಸ್ಟ್ಯಾಂಡರ್ಡಿನ್ಯಾಗೂ ಬೆಳಕನ್ನ ಬೇರೆ ಬೇರೆ ವೇಗದಾಗ ಏರಿಸಿ ಇಳಿಸಿ ನೋಡೋ ಟೆಸ್ಟ್ ಇತ್ತು, ನಾವು ಮಾಡೋದು ಅದರ ಬಡವರ ರೂಪ. ಒಂದು ಎಚ್ಚರಿಕಿ, ಕಮ್ಮಿ ರೇಟಿನ ಸಪ್ಲೈ ಒಳಗ ಔಟ್‌ಪುಟ್ ಕೆಪ್ಯಾಸಿಟರ್ ದೊಡ್ಡದಿರ್ತದ, ಕರೆಂಟ್ ಲಿಮಿಟ್ ಸಾವಕಾಶ ಕೆಲಸ ಮಾಡ್ತದ, ಟ್ರ್ಯಾಕರ್ ಭಾಳ ಫಾಸ್ಟ್ ಇದ್ರ ಎರಡೂ ಕೂಡಿ ತೂಗಾಡ್ತಾವ, ಆಗ ಟ್ರ್ಯಾಕರಿನ ಮೆಟ್ಟಿಲಿಗೆ 100 ಮಿಲಿಸೆಕೆಂಡ್ ಕೊಟ್ಟು ನೋಡ್ರಿ.

ಲೋಡಿನ ಕಡೆ ಬ್ಯಾಟರಿ ಹಚ್ಚೋ ಹೊತ್ತಿಗೆ ಅದು ಅರ್ಧ ಖಾಲಿ ಇರ್ಲಿ. ಫುಲ್ ಆದ ಬ್ಯಾಟರಿ 14.4 ಕ್ಕ ಬಂದ ಮ್ಯಾಲ ಕಂಟ್ರೋಲರ್ ಬೇಕಂತಲೇ ಪವರ್ ಪಾಯಿಂಟ್ ಬಿಟ್ಟು ಸರೀತದ, ಬ್ಯಾಟರಿ ಕುದಿಬಾರದು ಅಂತ, ಅದನ್ನ ನೋಡಿ ಟ್ರ್ಯಾಕಿಂಗ್ ಕೆಟ್ಟದ ಅನ್ನೋದು ತಪ್ಪು. ಬ್ಯಾಟರಿ ಮ್ಯಾಲ ಒಂದೆರಡು 55 ವಾಟಿನ ಹೆಡ್‌ಲೈಟ್ ಬಲ್ಬ್ ಉರಿಸಿಟ್ರ ವೋಲ್ಟೇಜ್ ಏರದಂಗ ಕೆಳಗೇ ಇರ್ತದ. ಹಚ್ಚೋವಾಗ ಬ್ಯಾಟರಿ ಮೊದಲು ಪ್ಯಾನಲ್ ಆಮೇಲೆ, ಬಿಚ್ಚೋವಾಗ ಪ್ಯಾನಲ್ ಮೊದಲು, ಬ್ಯಾಟರಿ ವಾಯರಿನ್ಯಾಗ ಫ್ಯೂಸ್ ಇರ್ಲೇಬೇಕು.

ಎಫಿಷಿಯೆನ್ಸಿ ಲೆಕ್ಕದ ಬಗ್ಗೆ ನನಗ ಸ್ವಲ್ಪ ಸಿಟ್ಟೇ ಬರ್ತದ. ಔಟ್‌ಪುಟ್ ಪವರ್ ಭಾಗ ಇನ್‌ಪುಟ್ ಪವರ್, ನಾಕು ರೀಡಿಂಗ್, ಸಲೀಸು ಅನಸ್ತದ. ಆದ್ರ ನಾಕು ಮೀಟರಿನ್ಯಾಗ ಒಂದೊಂದೂ ಒಂದು ಪರ್ಸೆಂಟ್ ತಪ್ಪಿದ್ರ, ಕೆಟ್ಟ ನಸೀಬು ಇದ್ರ ಉತ್ತರದಾಗ ನಾಕು ಪರ್ಸೆಂಟ್ ತಪ್ಪು ಕೂಡ್ತದ. 96 ಅನ್ನೋದು 92 ಇರಬಹುದು, 100 ಕ್ಕೂ ಮುಟ್ಟಬಹುದು. ಕಮ್ಮಿ ರೇಟಿನ ಮೀಟರಿನ 10 ಆಂಪಿಯರ್ ರೇಂಜ್ ಅಂತೂ ಎರಡು ಮೂರು ಪರ್ಸೆಂಟ್ ಹೆಚ್ಚು ಕಮ್ಮಿ ಇರೋದು ಮಾಮೂಲಿ. ಇದಕ್ಕ ಒಂದು ಛಲೋ ಉಪಾಯ ಅದ, ಇನ್‌ಪುಟ್ಟಿಗೆ ಹಚ್ಚಿದ ಆಂಪಿಯರ್ ಮೀಟರ್ ಔಟ್‌ಪುಟ್ಟಿಗೆ, ಅಲ್ಲಿದ್ದದ್ದು ಇಲ್ಲಿಗೆ ಅದಲು ಬದಲು ಮಾಡಿ ಮತ್ತ ಅದೇ ಪವರಿನ್ಯಾಗ ರೀಡಿಂಗ್ ತಗೋರಿ, ಎರಡು ಉತ್ತರದ ಸರಾಸರಿ ಹಾಕಿದ್ರ ಆ ಎರಡು ಮೀಟರಿನ ಜಗಳ ಹೆಚ್ಚು ಕಮ್ಮಿ ಕಳದು ಹೋಗ್ತದ. ವೋಲ್ಟ್ ಮೀಟರಿನ ಪ್ರೋಬನ್ನ ಬೋರ್ಡಿನ ಟರ್ಮಿನಲ್ಲಿಗೇ ಹಚ್ರಿ, ಪ್ಯಾನಲ್ ಹತ್ರ ಅಲ್ಲ, ನಡುವಿನ ವಾಯರ್ ತಿನ್ನೋದನ್ನ ಕನ್ವರ್ಟರಿನ ತಲಿಗೆ ಕಟ್ಟಬ್ಯಾಡ್ರಿ. ಆಮೇಲೆ ಕೈ ಇಟ್ಟು ನೋಡ್ರಿ. 60 ವಾಟ್ ಹೋಗ್ಲಿಕತ್ತದ, ನೀವು 99 ಪರ್ಸೆಂಟ್ ಅಂತೀರಿ, ಅಂದ್ರ ಬೋರ್ಡಿನ್ಯಾಗ ಬರೇ 0.6 ವಾಟ್ ಸುಡ್ಲಿಕತ್ತದ, ಹಂಗಾದ್ರ ಹೀಟ್ ಸಿಂಕ್ ಮುಟ್ಟಾಕ ಯಾಕ ಆಗವಲ್ದು?

ಇಷ್ಟೆಲ್ಲಾ ಆದ ಮ್ಯಾಲ ಮಾಳಗಿ ಹತ್ರಿ. ನಮ್ಮ ಕಡೆ ಗಡಿಯಾರದ 12 ಕ್ಕ ಸೂರ್ಯ ನೆತ್ತಿಗೆ ಬರಂಗಿಲ್ಲ, ಮೇ ತಿಂಗಳಾಗ ಸುಮಾರು 12 ಗಂಟೆ 20 ನಿಮಿಷ ಆಗ್ತದ, ಅದರ ಆಚೆ ಈಚೆ ಅರ್ಧ ತಾಸು ಬೆಳಕು ಹೆಚ್ಚು ಬದಲಾಗಂಗಿಲ್ಲ, ಆ ಹೊತ್ತು ಹಿಡೀರಿ. ಮೊದಲು ಬೋರ್ಡ್ ಬಿಟ್ಟು ರಿಯೋಸ್ಟ್ಯಾಟ್ (ಹೆಚ್ಚು ಕಮ್ಮಿ ಮಾಡಾಕ ಬರೋ ದಪ್ಪ ರೆಸಿಸ್ಟರ್) ಹಚ್ಚಿ ಪ್ಯಾನಲನ್ನ ಏನೂ ಹಚ್ಚದಾಗಿನ ವೋಲ್ಟೇಜಿನಿಂದ ಕೆಳಗ ಎಳೀತಾ ಪ್ರತಿ ವೋಲ್ಟಿಗೆ ಕರೆಂಟ್ ಬರ್ಕೋರಿ, ಎಲ್ಲಿ ಜಾಸ್ತಿ ವಾಟ್ ಬಂತು ನೋಡ್ರಿ, ಕೂಡ್ಲೇ ಬೋರ್ಡ್ ಹಚ್ಚಿ ಅದು ಎಷ್ಟಕ್ಕ ನಿಂತು ಎಷ್ಟು ವಾಟ್ ತಗೊಂತು ನೋಡ್ರಿ, ಆಮೇಲೆ ಮತ್ತ ಒಮ್ಮಿ ರಿಯೋಸ್ಟ್ಯಾಟ್. ಮೊದಲಿಂದೂ ಕೊನಿದೂ ಒಂದೇ ಬಂದ್ರ ಮಾತ್ರ ನಡುವಿಂದು ಲೆಕ್ಕಕ್ಕ. ಪಕ್ಕಕ್ಕ ಅದೇ ಇಳಿಜಾರಿನ್ಯಾಗ ಒಂದು ಸಣ್ಣ ಪ್ಯಾನಲ್ ಇಟ್ಟು ಅದರ ಶಾರ್ಟ್ ಕರೆಂಟ್ ನೋಡ್ತಾ ಇದ್ರ ಇನ್ನೂ ಛಲೋ, ಶಾರ್ಟ್ ಕರೆಂಟ್ ಬೆಳಕಿಗೆ ತಕ್ಕಂಗ ಏರಿಳೀತದ, ತೆಳು ಮೋಡ ಬಂದು ಹೋದದ್ದು ಕಣ್ಣಿಗೆ ಕಾಣದಿದ್ರೂ ಅದಕ್ಕ ಕಾಣ್ತದ. ಪ್ಯಾನಲ್ ಒರೆಸಿ ಶುರು ಮಾಡ್ರಿ, ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಧೂಳು ಕುಂತ ಪ್ಯಾನಲಿನ್ಯಾಗ ಸ್ಟಿಕ್ಕರಿನ ನಂಬರ್ ಹುಡುಕಿದ್ರ ಸಿಗಂಗಿಲ್ಲ.

ಮತ್ತ ಪ್ಯಾನಲ್ ಯಾವುದು? ಬ್ಯಾಸಗ್ಯಾಗ ಟ್ರ್ಯಾಕಿಂಗ್ ಫರಕ್ ಕಾಣ್ಬೇಕಂದ್ರ 36 ಸೆಲ್ಲಿಂದು ಬಿಟ್ಟು 72 ಸೆಲ್ಲಿನ ಪ್ಯಾನಲ್ ತಗೋರಿ. ಅದು 37 ವೋಲ್ಟಿಂದು ಇದ್ರ 74 ಡಿಗ್ರಿಗೆ ಕಾದು ಇಳದ್ರೂ 29-30 ಕ್ಕ ನಿಲ್ತದ, 12 ವೋಲ್ಟ್ ಬ್ಯಾಟರಿಗಿಂತ ಇನ್ನೂ ಎರಡು ಪಟ್ಟು ಮ್ಯಾಲ, ಕೆಲಸ ಮಾಡಾಕ ಕನ್ವರ್ಟರಿಗೆ ಜಾಗ ಇರ್ತದ. ಆದ್ರ ಅದರ ಓಪನ್ ವೋಲ್ಟೇಜ್, ಅಂದ್ರ ಏನೂ ಹಚ್ಚದಾಗಿಂದು, 45 ರ ಸುತ್ತ, ಈಗ ಬರೋ 540 ವಾಟಿನ ದೊಡ್ಡ ಪ್ಯಾನಲ್ ಆದ್ರ 49 ರ ಸುತ್ತ, ಥಂಡಿ ಮುಂಜಾನಿ 50 ದಾಟ್ತದ, ಅದಕ್ಕ 55 ವೋಲ್ಟಿನ ಮಾಸ್ಫೆಟ್ಟೂ 50 ವೋಲ್ಟಿನ ಕೆಪ್ಯಾಸಿಟರೂ ಸಾಕಾಗಂಗಿಲ್ಲ. ಅರ್ಧ ನೆರಳಿನ ಟೆಸ್ಟಿಗೂ ಇದೇ ಪ್ಯಾನಲ್ ಬೇಕು. ಒಂದು ಗೋಣಿಚೀಲ ಮಡಚಿ ಪ್ಯಾನಲಿನ ಮೂರನೇ ಒಂದು ಪಾಲು, ಅಂದ್ರ ಒಂದು ಬೈಪಾಸ್ ಡಯೋಡಿಗೆ (ನೆರಳಾದ ಸೆಲ್ ಬಿಟ್ಟು ಕರೆಂಟ್ ದಾಟಿಸೋ ಡಯೋಡ್) ಸೇರಿದ ಸೆಲ್ಲುಗಳಷ್ಟೇ, ನೆರಳಾಗೋ ಹಂಗ ಇಟ್ರ ಒಂದರ ಬದಲು ಎರಡು ಗುಡ್ಡ ಹುಟ್ತಾವ, ಸ್ಟಿಕ್ಕರಿನ 25 ಡಿಗ್ರಿ ಲೆಕ್ಕದಾಗ ಒಂದು 24 ವೋಲ್ಟಿನ ಹತ್ರ ದೊಡ್ಡದು, ಒಂದು 38 ರ ಹತ್ರ ಸಣ್ಣದು. ಸಣ್ಣ ಗುಡ್ಡದ ಮ್ಯಾಲ ನಿಂತ ಟ್ರ್ಯಾಕರ್ ಇದೇ ತುದಿ ಅಂತ ಅಲ್ಲೇ ಕುಂತುಬಿಡ್ತದ. ಹತ್ತು ಹದಿನೈದು ನಿಮಿಷಕ್ಕೊಮ್ಮಿ ಪೂರ್ತಿ ರೇಂಜ್ ಓಡಿಸಿ ನೋಡೋ ನಾಕು ಸಾಲು ಕೋಡ್ ಹಾಕಿದ್ರ ಇದು ಸರಿ ಆಗ್ತದ. 36 ಸೆಲ್ಲಿನ ಪ್ಯಾನಲಿನ್ಯಾಗ ಈ ತಲಿಬ್ಯಾನಿ ಇಲ್ಲ, ಅದರ ಎರಡನೇ ಗುಡ್ಡ 9 ವೋಲ್ಟಿನ್ಯಾಗ ಬರ್ತದ, 12 ವೋಲ್ಟ್ ಬ್ಯಾಟರಿ ಇರೋ ಬಕ್ ಅಲ್ಲಿಗೆ ಹೋಗಾಕೇ ಆಗಂಗಿಲ್ಲ.

ಬೋರ್ಡ್ ಮಾಡದೇ ಅಂಗಡ್ಯಾಗ ಕಂಟ್ರೋಲರ್ ಕೊಳ್ಳೋರಿಗೂ ಇದರಾಗ ಒಂದು ಟೆಸ್ಟ್ ಸಿಕ್ತದ, ಯಾಕಂದ್ರ ಮ್ಯಾಲ ಎಂಪಿಪಿಟಿ ಅಂತ ಪ್ರಿಂಟ್ ಹೊಡೆದು ಒಳಗ ಪಿಡಬ್ಲ್ಯೂಎಂ ಇಟ್ಟ ಮಾಲು ಮಾರ್ಕೆಟಿನ್ಯಾಗ ಭಾಳ ಅದ. ಪ್ಯಾನಲ್ ವಾಯರಿನ್ಯಾಗ ಎಷ್ಟು ಆಂಪಿಯರ್, ಬ್ಯಾಟರಿ ವಾಯರಿನ್ಯಾಗ ಎಷ್ಟು ಆಂಪಿಯರ್, ಎರಡೇ ನೋಡ್ರಿ. ಬ್ಯಾಟರಿ ಕಡೆ ಜಾಸ್ತಿ ಇದ್ರ ಒಳಗ ಖರೇ ಕನ್ವರ್ಟರ್ ಅದ. ಎರಡೂ ಒಂದೇ ಇದ್ದು ಪ್ಯಾನಲ್ ವೋಲ್ಟೇಜೂ ಬ್ಯಾಟರಿಗಿಂತ ಅರ್ಧ ವೋಲ್ಟ್ ಅಷ್ಟೇ ಮ್ಯಾಲ ಇದ್ರ ಅದು ಪಿಡಬ್ಲ್ಯೂಎಂ. ಆದ್ರ ಈ ಟೆಸ್ಟನ್ನ ಮುಂಜಾನಿ ಪ್ಯಾನಲ್ ಕಾಯೋದ್ರೊಳಗ, ಇಳದ ಬ್ಯಾಟರಿ ಮ್ಯಾಲ ಮಾಡ್ರಿ. ಮೇ ಮಧ್ಯಾಹ್ನ 36 ಸೆಲ್ಲಿನ ಪ್ಯಾನಲ್ ಹಚ್ಚಿ ಮಾಡಿದ್ರ ಅಸಲಿ ಮಾಲೂ ನಕಲಿ ಹಂಗ ಕಾಣ್ತದ, ಅಂಗಡಿಯವನ ಜೋಡಿ ಸುಮ್ನ ಜಗಳ.